ಎತ್ತುವ ಮಾತು

ಶಾರ್ವರಿಯನ್ನು ನಾನು ಹೊಗಳಬೇಕಂತೆ. ಅದೂ ವೇದಿಕೆಯ ಮೇಲೆ, ಮೈಕಿನ ಮುಂದೆ, ಸುತ್ತಲ ಊರುಗಳಿಂದೆಲ್ಲ ಬಂದು ಕೂತ ಜನರ ಎದುರಿಗೆ. ನಮ್ಮ ಕೇಂದ್ರದ ಕಾರ್ಯದರ್ಶಿ ಪರಶಿವಯ್ಯನವರು ಸಮ್ಮೇಳನದ ಆಮಂತ್ರಣ ಪತ್ರಿಕೆ ತಂದು ನನ್ನ ಮೇಜಿನ ಮೇಲಿಟ್ಟು, "ಮಧ್ಯಾಹ್ನದ ಗೋಷ್ಠಿಗೆ ನೀವೇ ಅಧ್ಯಕ್ಷರು ಕಾತ್ಯಾಯಿನಿಯವ್ರೇ. ಶಾರ್ವರಿ ಪ್ರಬಂಧ ಓದ್ತಾಳೆ, ನೀವು ಎತ್ತೋ ಮಾತಾಡ್ಬೇಕು" ಅಂದಾಗ ಬಾಯಲ್ಲಿದ್ದ ಕಾಫಿ ಕಹಿಯಾಯಿತು. "ಬೇರೆ ಯಾರೂ ಸಿಗ್ಲಿಲ್ವಾ ನಿಮ್ಗೆ?" ಅಂದೆ. "ನಿಮಗಿಂತ ಹಿರಿಯರು ಯಾರಿದ್ದಾರೆ ಹೇಳಿ? ನಿಮ್ಮಷ್ಟು ಎತ್ತರಕ್ಕೆ ಎತ್ತೋರಾದ್ರೂ ಈ ಊರಲ್ಲಿ ಯಾರಿದ್ದಾರೆ?" ಅಂದರು. ಆ ಮನುಷ್ಯ ಅದನ್ನು ಮನಸಾರೆ ಹೇಳಿದ್ದರಿಂದ ನನ್ನ ಚಪ್ಪಲಿ ನೆಲದಲ್ಲೇ ಉಳಿದು, ನಾನು ಒಂದು ಗೇಣು ಮೇಲೆದ್ದೆ. ಗಾಳಿಯಲ್ಲಿ ನಿಂತುಕೊಂಡು ಒಲ್ಲೆ ಅನ್ನುವುದು ಹೇಗೆ? ಒಪ್ಪಿಕೊಂಡೆ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು, ನಮಗೆ ಹುಟ್ಟಿದಂದಿನಿಂದ ಅಭ್ಯಾಸ. ನಮ್ಮೂರಿನಲ್ಲಿ ಯಾರಾದರೂ ಎದುರಿಗೆ ನಿಂತು ಮನಸಾರೆ ಹೊಗಳಿದರೆ ನಿಮ್ಮ ಕಾಲು ನೆಲ ಬಿಡುತ್ತದೆ. ಎಷ್ಟು ಮನಸ್ಸಿಟ್ಟು ಹೊಗಳಿದರೋ ಅಷ್ಟು ಎತ್ತರ. ಮನಸ್ಸಿನೊಳಗೇ ಮೆಚ್ಚಿಕೊಂಡರೆ ಏನೂ ಆಗದು, ಮಾತು ಹೊರಗೆ ಬರಬೇಕು. ಬರೀ ಬಾಯಿಮಾತಿಗೂ ಏನೂ ಆಗದು. ಹೊಗಳಿಕೆ ನಿಂತಿತೋ, ನಿಧಾನಕ್ಕೆ ಇಳಿಯುತ್ತೀರಿ. ಅದಕ್ಕೇ ನಮ್ಮ ಮನೆಗಳಲ್ಲಿ ಫ್ಯಾನು ಸೂರಿಗೆ ತೂಗುವುದಿಲ್ಲ, ಗೋಡೆಗಿರುತ್ತದೆ. ಬಿಸಿ ಸಾರಿನ ಪಾತ್ರೆ ಹಿಡಿದು ಬಡಿಸುತ್ತಿರುವವರ ಮುಂದೆ ಯಾರೂ ರುಚಿಯ ಮಾತೆತ್ತುವುದಿಲ್ಲ. ಬಸ್ಸು ಓಡಿಸುವವನನ್ನು ಹೊಗಳಿದರೆ ಕಂಡಕ್ಟರು ನಿಮ್ಮನ್ನು ಮುಂದಿನ ಸ್ಟಾಪಿನಲ್ಲೇ ಕೆಳಗಿಳಿಸುತ್ತಾನೆ. ಸುಳ್ಳು ಹೊಗಳಿಕೆಯಂತೂ ಇಲ್ಲಿ ನಡೆಯುವುದೇ ಇಲ್ಲ, ಎಲ್ಲರ ಕಣ್ಣೂ ಕಾಲಿನ ಮೇಲೇ ಇರುತ್ತದೆ. ಹಾಗಾಗಿ ಮರ್ಯಾದೆಗೆ ಒಂದು ದಾರಿ ಮಾಡಿಕೊಂಡಿದ್ದೇವೆ. ಕಂಡರಾಗದವರಲ್ಲೂ ನಿಜವಾಗಿ ಮೆಚ್ಚಬಹುದಾದ ಒಂದು ಸಣ್ಣ ಸಂಗತಿಯನ್ನು ಹುಡುಕಿ ಇಟ್ಟುಕೊಂಡಿರುತ್ತೇವೆ. ನಮ್ಮತ್ತೆ ಬದುಕಿರುವವರೆಗೂ ನನ್ನ ತಲೆಕೂದಲನ್ನು ಬಿಟ್ಟು ಬೇರೇನನ್ನೂ ಹೊಗಳಲಿಲ್ಲ. ಹಬ್ಬದ ದಿನ ನೆಂಟರ ಮುಂದೆ ಕೂದಲು ಹೊಗಳಿ ನನ್ನನ್ನು ನಾಲ್ಕು ಬೆರಳು ಎತ್ತುವರು, ನಾನು ಎದ್ದು ಇಳಿಯುವೆ, ಎಲ್ಲರೂ ಊಟಕ್ಕೆ ಕೂರುವರು. ಸಂಸಾರ ಚೆನ್ನಾಗಿಯೇ ನಡೆಯಿತು.

ನಮ್ಮ ಕೇಂದ್ರದಲ್ಲಿ ನಾವು ಮಾಡುವುದು ವರ್ತನಾ ವಿಶ್ಲೇಷಣೆ. ಮಾತು ಬಾರದ, ಕಣ್ಣು ಕೊಟ್ಟು ನೋಡದ, ಕೂತಲ್ಲಿ ಕೂರಲಾರದ ಮಕ್ಕಳು ಬರುತ್ತಾರೆ. ನೀರು ಕೇಳುವುದನ್ನೂ ಚಿಕ್ಕ ಚಿಕ್ಕ ತುಂಡು ಮಾಡಿ ಕಲಿಸುತ್ತೇವೆ. ಮೊದಲು ಲೋಟದ ಕಡೆ ನೋಡುವುದು, ಆಮೇಲೆ ಕೈ ಚಾಚುವುದು, ಆಮೇಲೆ 'ನೀ' ಅನ್ನುವುದು. ಮಗು ಒಂದು ತುಂಡನ್ನು ಸರಿಯಾಗಿ ಮಾಡಿದ ಆ ಕ್ಷಣಕ್ಕೇ ಅದಕ್ಕೆ ಇಷ್ಟವಾದದ್ದೇನಾದರೂ ಸಿಗಬೇಕು, ತಡವಾಗಬಾರದು. ಇಷ್ಟವಾದದ್ದು ಸಿಕ್ಕರೆ ಮಗು ಅದನ್ನು ಮತ್ತೆ ಮಾಡುತ್ತದೆ. ನಮ್ಮ ವಿದ್ಯೆಯ ತಿರುಳು ಇಷ್ಟೇ, ಮಿಕ್ಕದ್ದೆಲ್ಲ ತಾಳ್ಮೆ. ಬೇರೆ ಊರಿನವರು ಬಿಸ್ಕತ್ತು, ಗುಳ್ಳೆ ಊದುವ ಸೋಪಿನ ನೀರು ಇಟ್ಟುಕೊಂಡು ಕೂರುತ್ತಾರೆ. ನಮಗೆ ಅದೇಕೆ? "ಶಭಾಷ್ ಕಣೋ ನನ್ನಪ್ಪ" ಅಂದರೆ ಸಾಕು, ಮಗು ಗಾಳಿಯಲ್ಲಿ ತೇಲಿ ಕೇಕೆ ಹಾಕುತ್ತದೆ. ಇಳಿದ ಕೂಡಲೇ ಇನ್ನೊಮ್ಮೆ ಮಾಡಿ ತೋರಿಸುತ್ತದೆ. ಈ ವಿಷಯದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನಾನು ಸಿಡುಕಿ, ನನ್ನ ಬಾಯಿ ಜೋರು, ಎಲ್ಲಾ ನಿಜ. ಆದರೆ ಮಕ್ಕಳ ಮುಂದೆ ಕೂತರೆ ನನ್ನೊಳಗಿನದ್ದೆಲ್ಲ ತಾನಾಗಿ ಹೊರಗೆ ಬರುತ್ತದೆ. ನಾನು ಹೊಗಳಿದ ಮಗು ಬಾಗಿಲಿನ ಮೇಲುಪಟ್ಟಿಯ ತನಕ ಏಳುತ್ತಿತ್ತು. ಅದನ್ನು ನೋಡುವುದಕ್ಕೆಂದೇ ತಾಯಂದಿರು ಕಿಟಕಿಯಲ್ಲಿ ನಿಲ್ಲುತ್ತಿದ್ದರು.

ಬೃಂದಾ ನನ್ನ ಹತ್ತಿರ ಬಂದದ್ದು ನಾಲ್ಕು ವರ್ಷದವಳಾಗಿದ್ದಾಗ. ಅವಳ ತಾಯಿ ಜಯಶೀಲಾ ಪೇಟೆ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು, ಯಾವಾಗ ನೋಡಿದರೂ ಹುಬ್ಬಿನ ಮೇಲೆ ರಾಗಿ ಹಿಟ್ಟು ಕೂತಿರುತ್ತಿತ್ತು. "ಒಂದೇ ಒಂದು ಮಾತು ಮೇಡಂ. ಅಮ್ಮ ಅನ್ನದಿದ್ರೂ ಪರವಾಗಿಲ್ಲ, ಏನಾದ್ರೂ ಒಂದು ಅನ್ಲಿ" ಅಂದಳು. ಆ ಮಗುವಿನ ಮುಂದೆ ನಾನು ಮೂರು ವರ್ಷ ಕೂತೆ. ಕೂರುವುದು ಕಲಿತಳು, ನೋಡುವುದು ಕಲಿತಳು, ಕಾಯುವುದು ಕಲಿತಳು. ಮಾತು ಮಾತ್ರ ತುಟಿಯವರೆಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಸಾಲದ್ದಕ್ಕೆ ಕಚ್ಚುತ್ತಿದ್ದಳು. ಏನಾದರೊಂದು ಸರಿಯಾಗಿ ಮಾಡುವಳು, ನಾನು ಹಿರಿಹಿರಿ ಹಿಗ್ಗಿ ಹೊಗಳುವೆ, ಮೇಲೇಳುವಳು, ಇಳಿದವಳೇ ನನ್ನ ಮಣಿಕಟ್ಟಿಗೆ ಬಾಯಿ ಹಾಕುವಳು. ನನ್ನ ಪ್ರೀತಿ ಇನ್ನೂ ಸಾಲದೇನೋ ಅಂದುಕೊಂಡು ಇನ್ನೂ ಜಾಸ್ತಿ ಹೊಗಳಿದೆ. ಆ ಹುಡುಗಿಯ ಬಾಯಿಂದ ಒಂದು ಮಾತು ನನ್ನ ಕಿವಿಗೆ ಬೀಳಬೇಕು ಅನ್ನುವುದೊಂದೇ ಧ್ಯಾನ. ಅನ್ನಕ್ಕೆ ಕೈಯಿಟ್ಟರೂ ಅದೇ, ತಲೆ ಬಾಚುತ್ತಿದ್ದರೂ ಅದೇ.

ಅಷ್ಟರಲ್ಲಿ ನನಗೆ ಟೈಫಾಯಿಡ್ ಬಂದು ಹಾಸಿಗೆ ಹಿಡಿದೆ. ಬೃಂದಾಳನ್ನು ಶಾರ್ವರಿಯ ಕೋಣೆಗೆ ಹಾಕಿದರು. ಶಾರ್ವರಿ ಹೊರಗಿನವಳು, ಕೆಲಸಕ್ಕೆಂದು ನಮ್ಮೂರಿಗೆ ಬಂದವಳು. ನನ್ನ ಮಗಳ ವಯಸ್ಸು. ಮಾತು ಕಡಿಮೆ, ಹೊಗಳುವುದರಲ್ಲಂತೂ ಮಹಾ ಜಿಪುಣಿ. ನಾನು ಗುಣವಾಗಿ ಕೆಲಸಕ್ಕೆ ಮರಳಿದ ದಿನ ಪರಶಿವಯ್ಯನವರು ಗೇಟಿನಲ್ಲೇ ಎದುರಾಗಿ, "ಬೃಂದಾ ಮಾತಾಡಿದ್ಲು ಕಣ್ರೀ! ಶಾರ್ವರಿ ಹತ್ರ!" ಅಂದರು. ನನ್ನ ಮುಖ ಏನಾಯಿತೋ ಏನೋ, ದನಿ ಇಳಿಸಿ, "ಮಗು ಅಲ್ಲೇ ಹೊಂದ್ಕೊಂಡಿದೆ, ಅಲ್ಲೇ ಇರ್ಲಿ ಬಿಡಿ, ನಿಮಗೂ ಸುಸ್ತು" ಅಂದರು. ಏನು ಮಾತು ಅಂತ ನಾನು ಕೇಳಲಿಲ್ಲ. ಯಾರಾದರೂ ಹೇಳಲು ಬಾಯಿ ತೆರೆದರೆ ಕೆಲಸವಿದೆಯೆಂದು ಎದ್ದುಹೋದೆ. ಸಂತೋಷಪಡಬೇಕಾದ ಸಮಾಚಾರ, ಗೊತ್ತು. ಮೂರು ವರ್ಷ ಕಚ್ಚಿಸಿಕೊಂಡವಳು ನಾನು, ಮಾತು ಸಿಕ್ಕಿದ್ದು ನಿನ್ನೆ ಮೊನ್ನೆ ಬಂದವಳಿಗೆ. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ಆಮೇಲಿನ ದಿನಗಳಲ್ಲಿ ಶಾರ್ವರಿ ಮಾಡಿದ್ದೆಲ್ಲ ನನಗೆ ತಪ್ಪಾಗಿಯೇ ಕಂಡಿತು. ಚಪ್ಪಲಿ ಎಳೆದುಕೊಂಡು ನಡೆಯುತ್ತಾಳೆ. ಪೆನ್ನಿನ ಮುಚ್ಚಳ ಕಡಿಯುತ್ತಾಳೆ. ಮೊಬೈಲನ್ನು ಯಾವಾಗಲೂ ಮೇಜಿನ ಮೇಲೆ ಬೋರಲು ಹಾಕುತ್ತಾಳೆ, ಏನು ಗುಟ್ಟಪ್ಪಾ ಅಂಥದ್ದು? ಒಂದು ದಿನ ಅವಳ ಕೋಣೆಯಲ್ಲಿ ಬೃಂದಾ ಇದ್ದಾಗ ಹೊರಗಿನ ಗೋಡೆಗೆ ಕಿವಿ ಹಚ್ಚಿ ನಿಂತೆ. ಆ ಒಂದು ಮಾತು ನನಗೂ ಕೇಳಿಸಲಿ, ಕದ್ದಾದರೂ ಕೇಳಿಸಲಿ ಅಂತ. ಫ್ಯಾನಿನ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಕಸ ಗುಡಿಸುತ್ತಾ ಬಂದ ಆಯಾ, "ಏನ್ ಮೇಡಂ, ಹಲ್ಲಿ ಐತಾ?" ಅಂದಳು. "ಹೂಂ ಕಣೇ, ಹಲ್ಲಿ" ಅಂದು ಬಂದುಬಿಟ್ಟೆ.

ಇಂಥ ನನಗೆ ಎತ್ತುವ ಮಾತಿನ ಜವಾಬ್ದಾರಿ. ನಮ್ಮೂರಿನ ಸಭೆಗಳ ಪದ್ಧತಿ ಹೇಳಿಬಿಡುತ್ತೇನೆ. ಭಾಷಣಕಾರರು ವೇದಿಕೆಯ ನಡುವೆ ಹಾಸಿದ ಒಂದು ವೃತ್ತಪತ್ರಿಕೆಯ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ಅಧ್ಯಕ್ಷರು ಅವರ ಪರಿಚಯ ಹೇಳಿ ಹೊಗಳಬೇಕು. ಕಾಲು ನೆಲ ಬಿಟ್ಟಾಗ ಕಾರ್ಯದರ್ಶಿ ಬಗ್ಗಿ ಪತ್ರಿಕೆಯನ್ನು ಎಳೆದುಕೊಳ್ಳುತ್ತಾರೆ. ಪತ್ರಿಕೆ ಬಂದರೆ ಭಾಷಣ ಶುರು. ಬಾರದಿದ್ದರೆ ಅಧ್ಯಕ್ಷರು ಮಾತು ಮುಂದುವರಿಸುತ್ತಿರಬೇಕು. ಒಮ್ಮೆ ಸಾಹಿತ್ಯ ಸಭೆಯೊಂದರಲ್ಲಿ ಅಧ್ಯಕ್ಷರಿಗೆ ಕವಿಯನ್ನು ಎತ್ತಲಾಗದೆ ಸಂಜೆಯಾಗಿ, ಮೈಕಿನವನು ವೈರು ಸುತ್ತಿಕೊಂಡು ಹೋದದ್ದುಂಟು. ಆ ಅಧ್ಯಕ್ಷರನ್ನು ಮತ್ತೆ ಯಾರೂ ಯಾವುದಕ್ಕೂ ಕರೆಯಲಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ಶಾರ್ವರಿಯೇ ಎದುರಿಗಿಲ್ಲದೆ ಗೊತ್ತಾಗುವುದು ಹೇಗೆ? ನಮ್ಮನೆಯವರು ಪೇಪರಿನಿಂದ ತಲೆಯೆತ್ತದೆ, "ಸೀರೆ ಹೊಗಳಿಬಿಡು. ಆ ಹುಡುಗಿ ಒಳ್ಳೊಳ್ಳೆ ಕೈಮಗ್ಗದ ಸೀರೆ ಉಡುತ್ತೆ ಅಂತ ನೀನೇ ಹೇಳಿದ್ದೆಯಲ್ಲ" ಅಂದರು. ಅಬ್ಬಾ, ಜೀವ ಬಂತು. ಶಾರ್ವರಿಯಲ್ಲಿ ನಾನು ಒಪ್ಪುವಂಥದ್ದು ಅದೊಂದಿತ್ತು. ಮೊದಲು ಅವಳ ಓದು, ಡಿಗ್ರಿ ಅಂತ ನಾಲ್ಕು ಮಾತು, ಕೊನೆಗೆ ಸೀರೆ, ಅವಳು ನಾಲ್ಕು ಬೆರಳು ಏಳುತ್ತಾಳೆ, ಪತ್ರಿಕೆ ಬರುತ್ತದೆ, ನಾನು ಕುರ್ಚಿಯಲ್ಲಿ ಕೂರುತ್ತೇನೆ. ಹಾಗಂತ ಲೆಕ್ಕ ಹಾಕಿಕೊಂಡು ನೆಮ್ಮದಿಯಿಂದ ಮಲಗಿದೆ.

ಸಮ್ಮೇಳನ ನೇಕಾರರ ಸಂಘದ ಸಭಾಂಗಣದಲ್ಲಿ. 'ಅನ್ವಯಿಕ ವರ್ತನಾ ವಿಶ್ಲೇಷಣೆ: ಪ್ರಾದೇಶಿಕ ಸಮ್ಮೇಳನ' ಅಂತ ಬ್ಯಾನರು. ಹೊರಗಿನಿಂದ ಬಂದ ಪ್ರತಿನಿಧಿಗಳು ಬೆಳಗ್ಗೆಯಿಂದ ಗೇಟಿನ ಹತ್ತಿರವೇ ಒಬ್ಬರನ್ನೊಬ್ಬರು ಹೊಗಳಿಕೊಂಡು, ಎದ್ದವರ ಫೋಟೋ ತೆಗೆದುಕೊಂಡು, ಏಳದವರ ಮೇಲೆ ಮುನಿಸಿಕೊಂಡು ಗದ್ದಲವೆಬ್ಬಿಸಿದ್ದರು. ಇಬ್ಬರು ಪ್ರೊಫೆಸರುಗಳು ಹೀಗೇ ಒಬ್ಬರೊಡನೊಬ್ಬರು ಮಾತು ಬಿಟ್ಟರು. ಮಧ್ಯಾಹ್ನ ಊಟವಾಗಿ, ಎಲ್ಲರ ಕಣ್ಣೂ ಎಳೆಯುತ್ತಿದ್ದ ಹೊತ್ತಿಗೆ ನಮ್ಮ ಗೋಷ್ಠಿ. ಮುಂದಿನ ಸಾಲಿನಲ್ಲಿ ಜಯಶೀಲಾ, ಪಕ್ಕದಲ್ಲಿ ಬೃಂದಾ. ಎರಡು ಜಡೆ, ನೀಲಿ ಲಂಗ. ನನ್ನನ್ನು ನೋಡಿದವಳೇ ಕಣ್ಣು ತಿರುಗಿಸಿ ಕುರ್ಚಿಯ ಕೈ ಹಿಡಿದುಕೊಂಡಳು. ಅದನ್ನು ನೋಡಿ ನನಗೆ ಅಳು ಬಂದ ಹಾಗಾಯಿತು, ಆ ಸಿಟ್ಟೂ ಶಾರ್ವರಿಯ ಮೇಲೇ ಹೋಯಿತು.

ಶಾರ್ವರಿ ವೇದಿಕೆಗೆ ಬಂದು ವೃತ್ತಪತ್ರಿಕೆಯ ಮೇಲೆ ನಿಂತಳು. ನಾನು ಮೈಕು ಹಿಡಿದು ಅವಳ ಕಡೆ ತಿರುಗಿದೆ. ಅವಳು ಉಟ್ಟಿದ್ದುದು ಸಾಸಿವೆ ಬಣ್ಣಕ್ಕೆ ಹಸಿರು ಅಂಚಿನ ಸೀರೆ. ನಾನು ಉಟ್ಟಿದ್ದುದೂ ಅದೇ. ಸಮ್ಮೇಳನಕ್ಕೆಂದು ಕೇಂದ್ರದ ಹೆಂಗಸರಿಗೆಲ್ಲ ಒಂದೇ ಥರದ ಸೀರೆ ತರಿಸಿದ್ದೆವು, ಅಂಗಡಿಗೆ ಹೋಗಿ ಆರಿಸಿದವಳು ನಾನೇ! ಬೆಳಗ್ಗೆಯಿಂದ ಆ ಸೀರೆಯನ್ನೇ ಸುತ್ತಿಕೊಂಡು ಓಡಾಡಿದ್ದರೂ ಇದು ಹೊಳೆದಿರಲಿಲ್ಲವಲ್ಲ ನನ್ನ ಬುದ್ಧಿಗೆ. ಈ ಸೀರೆ ಹೊಗಳಿದರೆ ನನ್ನ ಆಯ್ಕೆಯನ್ನು ನಾನೇ ಹೊಗಳಿಕೊಂಡಂತೆ, ಅದಕ್ಕೆ ಇವಳ ಕಾಲೇಕೆ ಏಳುತ್ತದೆ?

"ಶಾರ್ವರಿಯವರು ನಮ್ಮ ಕೇಂದ್ರದ ಹೆಮ್ಮೆ" ಅಂದೆ. ಏನೂ ಇಲ್ಲ. "ಪ್ರತಿಭಾವಂತೆ" ಅಂದೆ. ಪರಶಿವಯ್ಯನವರು ಬಗ್ಗಿ ಪತ್ರಿಕೆಯ ತುದಿ ಹಿಡಿದು ಎಳೆದು ನೋಡಿದರು, ಜಗ್ಗಲಿಲ್ಲ. "ಚಿಕ್ಕ ವಯಸ್ಸಿನಲ್ಲೇ ದೊಡ್ಡ ಸಾಧನೆ ಮಾಡಿದವರು." ಕಲ್ಲಿನಂತೆ ನಿಂತಿದ್ದಾಳೆ ಮಹಾರಾಯ್ತಿ. ತೂಕಡಿಸುತ್ತಿದ್ದವರೂ ಎಚ್ಚರವಾಗಿ ಅವಳ ಪಾದ ನೋಡತೊಡಗಿದರು. ಪಾದದಿಂದ ನನ್ನ ಮುಖಕ್ಕೆ, ಮುಖದಿಂದ ಪಾದಕ್ಕೆ. ಪರಶಿವಯ್ಯನವರು ಬಗ್ಗಿದಲ್ಲಿಂದಲೇ, "ಏನಾದ್ರೂ ಹೇಳಿ ಮಾರಾಯ್ರೇ, ನನ್ನ ಸೊಂಟ ಹಿಡ್ಕೊಳ್ತು" ಅಂತ ಪಿಸುಗುಟ್ಟಿದರು. ನಾನು ಶಾರ್ವರಿಯ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ತಲೆಯೊಳಗೆ ತಡಕಾಡಿದೆ. ಇಷ್ಟು ದಿನ ತಪ್ಪನ್ನೇ ಹೆಕ್ಕಿದ್ದವಳಿಗೆ ತಪ್ಪುಗಳೇ ಸಿಕ್ಕವು. ಕೊನೆಗೆ ಬಾಯಿಗೆ ಬಂದದ್ದು ಹೀಗೆ: "ಶಾರ್ವರಿ ಡಬ್ಬಿಯಲ್ಲಿ ತರೋ ಚಿತ್ರಾನ್ನ ಬಹಳ ಚೆನ್ನಾಗಿರುತ್ತೆ. ನಿಜವಾಗ್ಲೂ. ಕಡಲೆಬೀಜ ಮೆತ್ತಗಾಗಿರೋದಿಲ್ಲ."

ಅವಳ ಹಿಮ್ಮಡಿ ಎದ್ದಿತು. ಎರಡು ಬೆರಳು, ಅಷ್ಟೇ. ಪರಶಿವಯ್ಯನವರಿಗೆ ಕಾದು ಸಾಕಾಗಿತ್ತೋ ಏನೋ, ಆತುರಕ್ಕೆ ಜಗ್ಗಿದರು. ಪತ್ರಿಕೆ ಪರ್ರ್ ಅಂತ ಹರಿದು ಅರ್ಧ ಅವರ ಕೈಗೆ ಬಂತು, ಅರ್ಧ ಅವಳ ಹೆಬ್ಬೆರಳಿನಡಿ ಉಳಿಯಿತು. ಸಭೆ ಘೊಳ್ಳೆಂದು ನಕ್ಕಿತು. ಒಬ್ಬ ವಿದುಷಿಯನ್ನು ಚಿತ್ರಾನ್ನದಿಂದ ಎತ್ತಿದ ಅಧ್ಯಕ್ಷೆಯನ್ನು ಯಾವ ಊರಿನವರೂ ನೋಡಿರಲಿಲ್ಲ. ನನ್ನ ಹೊಟ್ಟೆಕಿಚ್ಚು ಎಷ್ಟು ಅನ್ನುವುದು ಅವತ್ತು ಆ ಎರಡು ಬೆರಳಿನ ಅಳತೆಯಲ್ಲಿ ಎಲ್ಲರಿಗೂ ತಿಳಿಯಿತು. ಶಾರ್ವರಿ ನಗಲಿಲ್ಲ. "ಥ್ಯಾಂಕ್ಸ್ ಮೇಡಂ" ಅಂದು ಮೈಕು ತೆಗೆದುಕೊಂಡಳು. ನಗಬಾರದಿತ್ತೇ ಅವಳೂ? ನಕ್ಕಿದ್ದರೆ ನನಗೆ ಬೈದುಕೊಳ್ಳಲು ಒಂದು ಕಾರಣವಾದರೂ ಸಿಗುತ್ತಿತ್ತು.

ಅವಳ ಪ್ರಬಂಧ ಬೃಂದಾಳ ಬಗ್ಗೆ. ಹೆಸರು ಹೇಳದೆ 'ಒಂದು ಮಗು' ಅಂದಳು, 'ಹಿಂದಿನ ಶಿಕ್ಷಕಿ' ಅಂದಳು. ನಮ್ಮ ಕೇಂದ್ರದವರೆಲ್ಲ ನನ್ನ ಮಣಿಕಟ್ಟಿನ ಕಲೆಗಳ ಕಡೆ ನೋಡಿದರು. ಸೆರಗು ಎಳೆದು ಮುಚ್ಚಿಕೊಂಡೆ. "ಮಗು ಕಚ್ಚುತ್ತೆ. ಕಚ್ಚೋದಕ್ಕೆ ಮುಂಚೆ ಏನಾಗುತ್ತೆ ಅಂತ ನೋಡ್ತಾ ಹೋದೆ" ಅಂದಳು. "ಪ್ರತಿ ಸಲವೂ ಅದಕ್ಕೆ ಮುಂಚೆ ಹೊಗಳಿಕೆ ಇತ್ತು. ನಾನು ಹೊರಗಿನೋಳು. ಈ ಊರಲ್ಲಿ ಮೊದಲನೇ ಸಲ ನನ್ನ ಕಾಲು ನೆಲ ಬಿಟ್ಟಾಗ ಜೋರಾಗಿ ಕಿರುಚಿದ್ದೆ, ಕಂಬ ತಬ್ಕೊಂಡಿದ್ದೆ. ನೀವೆಲ್ಲ ನಕ್ಕಿದ್ರಿ. ಹಾಗಾಗಿ ನನಗೆ ಹೊಳೀತೇನೋ. ಈ ಮಗುವಿಗೆ ಮೇಲೇಳೋದಂದ್ರೆ ಭಯ. ನಾವು ಬಹುಮಾನ ಅಂದ್ಕೊಂಡು ಕೊಟ್ಟಿದ್ದು ಅದಕ್ಕೆ ಶಿಕ್ಷೆ. ಏನನ್ನೇ ಸರಿಯಾಗಿ ಮಾಡಿದ್ರೂ ನೆಲ ತಪ್ಪಿಹೋಗುತ್ತೆ ಅಂತಾದ್ರೆ ಯಾವ ಮಗು ಮಾತಾಡುತ್ತೆ? ಇಳಿಸಿ ಅಂತ ಹೇಳೋಕೆ ಮಾತಿಲ್ಲ, ಅದಕ್ಕೆ ಕಚ್ಚೋದು. ನಾನು ಅದಕ್ಕೊಂದು ಮಾತು ಕೊಟ್ಟೆ. 'ಕೆಳಗೆ.' ಹಾಗಂದ ತಕ್ಷಣ ನಾನು ಬಾಯಿ ಮುಚ್ಚಿಬಿಡ್ತಿದ್ದೆ, ಮಗು ನೆಲಕ್ಕೆ ಬರ್ತಿತ್ತು. ಅದೇ ಅದಕ್ಕೆ ಬಹುಮಾನ. ಕಚ್ಚೋದು ನಿಂತುಹೋಯ್ತು."

ಬಾಗಿಲಿನ ಮೇಲುಪಟ್ಟಿ ಮುಟ್ಟುವ ಹಾಗೆ ಆ ಕೂಸನ್ನು ಎತ್ತಿದ್ದೆನಲ್ಲ. ಕಿಟಕಿಯಲ್ಲಿ ತಾಯಂದಿರು ಚಪ್ಪಾಳೆ ತಟ್ಟಿದ್ದರಲ್ಲ. ಇದನ್ನು ನಾನು ಕಾಣಬೇಕಾಗಿತ್ತು, ಅದು ಒಂದು ಸಂಕಟ. ಇವಳು ಕಂಡಳು ಅನ್ನುವುದು ಅದಕ್ಕಿಂತ ದೊಡ್ಡ ಸಂಕಟ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎರಡನೆಯದೇ ಹೆಚ್ಚು ಉರಿಯುತ್ತಿತ್ತು.

ಮುಗಿಸಿ ಕೂರುತ್ತಾಳೆ ಅಂದುಕೊಂಡರೆ ಶಾರ್ವರಿ ನನ್ನ ಕಡೆಗೆ ತಿರುಗಿ ನಿಂತಳು. "ಮೇಡಂ, ಒಂದು ಮಾತು ಹೇಳ್ಬೇಕಿತ್ತು" ಅಂದಳು. "ನನ್ನ ಹತ್ರ ಬಂದಾಗ ಮಗುವಿಗೆ ಕೂರೋದು ಬರ್ತಿತ್ತು. ಮುಖ ನೋಡೋದು ಬರ್ತಿತ್ತು. ತನ್ನ ಸರದಿಗೆ ಕಾಯೋದು ಬರ್ತಿತ್ತು. ಅದೆಲ್ಲ ಇಲ್ಲದಿದ್ರೆ ನನ್ನ ಒಂದು ಮಾತು ಎಲ್ಲಿ ನಿಲ್ಲುತ್ತಿತ್ತು? ಕೈಯೆಲ್ಲ ಗಾಯ ಆದ್ರೂ ನೀವು ಒಂದು ದಿನವೂ ಆ ಮಗುವಿನ ಮೇಲೆ ರೇಗ್ಲಿಲ್ಲ. ಬೇರೆಯವರಾಗಿದ್ರೆ ಎಂದೋ ಕೈ ಬಿಟ್ಟಿರೋರು. ನಿಮ್ಮ ಹಾಗೆ ಒಂದು ಮಗುವಿನ ಮುಂದೆ ಕೂರೋದನ್ನ ನಾನು ಎಲ್ಲೂ ನೋಡಿಲ್ಲ." ಅವಳು ಮುಗಿಸುವ ಮೊದಲೇ ನಾನು ಎದ್ದಿದ್ದೆ. ಗಾಬರಿಯಿಂದ ಕುರ್ಚಿಯ ಕೈ ಹಿಡಿದರೆ ಆ ಪ್ಲಾಸ್ಟಿಕ್ ಕುರ್ಚಿಯೂ ನನ್ನ ಜೊತೆ ಎದ್ದಿತು. ಬೆವರಿದ ಕೈಯಿಂದ ಜಾರಿ ಕೆಳಗೆ ಬಿದ್ದು ಕಾಲು ಮುರಿದುಕೊಂಡಿತು. ನಾನು ಮೇಜಿನ ಮೇಲಕ್ಕೆ, ಮೇಜಿನ ಮೇಲಿನ ಹೂದಾನಿಯ ಮೇಲಕ್ಕೆ, ಬ್ಯಾನರಿನ ಮಟ್ಟಕ್ಕೆ ಹೋದೆ.

ಸುಳ್ಳಾದರೂ ಹೇಳಬಾರದಿತ್ತೇ ಇವಳು? ಬಾಯಿಮಾತಿಗೆ ಹೊಗಳಿ ನನ್ನನ್ನು ನೆಲದ ಮೇಲೇ ಬಿಟ್ಟಿದ್ದರೆ, ನೀನೂ ನನ್ನಂತೆಯೇ ಕಣೇ ಅಂದುಕೊಂಡು ಹಾಯಾಗಿ ಮನೆಗೆ ಹೋಗುತ್ತಿದ್ದೆ. ನಾನು ಇವಳನ್ನು ಕಂಡು ಕುದಿಯುತ್ತಿದ್ದ ಅಷ್ಟು ದಿನವೂ ಇವಳ ಮನಸ್ಸಿನಲ್ಲಿ ನನ್ನ ಬಗ್ಗೆ ಇದೇ ಇತ್ತೇ? ನಾನು ಕೊಟ್ಟದ್ದು ಎರಡು ಬೆರಳು, ಇವಳು ಕೊಟ್ಟದ್ದು ಆಳೆತ್ತರ, ಎಲ್ಲರೂ ನೋಡುತ್ತಿದ್ದಾರೆ. ಹಿಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾರೆ. ಶಾರ್ವರಿ ಇನ್ನೂ ಹೇಳುತ್ತಲೇ ಇದ್ದಾಳೆ, ಜಿಪುಣಿಯ ಗಂಟು ಇವತ್ತೇ ಬಿಚ್ಚಬೇಕಿತ್ತೇ? ಅವಳು ಹೇಳಿದಷ್ಟೂ ನಾನು ಏರುತ್ತಲೇ ಇದ್ದೇನೆ. ಅಷ್ಟು ಎತ್ತರಕ್ಕೆ ನನ್ನನ್ನು ಯಾರೂ ಎತ್ತಿರಲಿಲ್ಲ. ಸೀರೆಯ ನೆರಿಗೆ ಗಾಳಿಗೆ ಹಾರದಂತೆ ಎರಡೂ ಮೊಣಕಾಲು ಅಮುಕಿ ಹಿಡಿದಿದ್ದೆ. ಹಿಡಿದುಕೊಳ್ಳಲು ಏನೂ ಇಲ್ಲ. ಕೆಳಗೆ ನೋಡಿದರೆ ತಲೆ ತಿರುಗುತ್ತದೆ. ನನಗೆ ಭಯವಾಯಿತು, ಹುಟ್ಟಿದ ಮೇಲೆ ಮೊದಲ ಸಲ. ಹೊಗಳುವುದನ್ನು ನಿಲ್ಲಿಸಿ ಅಂತ ನಮ್ಮೂರಿನಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಹೇಳೋಣವೆಂದರೂ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಆಗ ಮುಂದಿನ ಸಾಲಿನಿಂದ ಏನೋ ನೀಲಿ ಬಣ್ಣದ್ದು ಓಡಿ ಬಂತು. ಜಯಶೀಲಾ "ಏಯ್ ಬೃಂದಾ, ಬಾರೇ ಇಲ್ಲಿ" ಅಂತ ಕೈ ಚಾಚುವಷ್ಟರಲ್ಲಿ ಹುಡುಗಿ ಮೆಟ್ಟಿಲು ಹತ್ತಿ ವೇದಿಕೆಯ ಮೇಲಿದ್ದಳು. ತಲೆ ಹಿಂದಕ್ಕೆ ಹಾಕಿ ನನ್ನ ಕಾಲು ನೋಡಿದಳು, ಮುಖ ನೋಡಿದಳು. ಆಮೇಲೆ ಶಾರ್ವರಿಯ ಸೀರೆ ಹಿಡಿದು ಜಗ್ಗಿ, ನನ್ನ ಕಡೆ ಬೆರಳು ಮಾಡಿ ಕೂಗಿದಳು. "ಕೆಳಗೆ!" ಮತ್ತೊಮ್ಮೆ, ಇನ್ನೂ ಜೋರಾಗಿ, "ಕೆಳಗೆ!"

ಶಾರ್ವರಿ ಅರ್ಧ ಮಾತಿನಲ್ಲೇ ನಿಲ್ಲಿಸಿಬಿಟ್ಟಳು. ನಾನು ಇಳಿಯತೊಡಗಿದೆ. ಆ ದನಿ ಸ್ವಲ್ಪ ಗೊಗ್ಗರು, ಶೀತವಾದವರ ದನಿಯ ಹಾಗೆ. ಮೂರು ವರ್ಷ ನಾನು ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದ ದನಿ ಬೇರೆಯೇ ಆಗಿತ್ತು, ತೆಳ್ಳಗೆ, ಗಿಣಿಯ ಹಾಗೆ. ಇದು ಅದಕ್ಕಿಂತ ಚೆನ್ನಾಗಿತ್ತು. ಅವಳು ಅದನ್ನು ತನಗಾಗಿ ಕೇಳಲಿಲ್ಲ, ನನಗಾಗಿ ಕೇಳಿದಳು. ನನ್ನ ಪಾದ ನೆಲಕ್ಕೆ ತಾಗಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಈಗ ಅವಳ ಮುಖ, ನನ್ನ ಮುಖ ಒಂದೇ ಮಟ್ಟಕ್ಕಿದ್ದವು.

ಎದುರಿಗೆ ಸಿಕ್ಕಿಬಿದ್ದೆ ಅನ್ನುವುದು ಅವಳಿಗೆ ಆಗಲೇ ಹೊಳೆದಿರಬೇಕು. ಅದೂ ನನ್ನೆದುರಿಗೆ, ಒಂದು ಸರಿಯಾದ ಕೆಲಸ ಮಾಡಿ; ಇನ್ನು ಹೊಗಳಿ ಎತ್ತಿಬಿಡುತ್ತಾಳೆ ಅಂತ. ಪಕ್ಕದಲ್ಲಿದ್ದ ಮೇಜಿನ ಕಾಲನ್ನು ಎರಡೂ ಕೈಯಿಂದ ತಬ್ಬಿ, ಕಣ್ಣು ಬಿಗಿಯಾಗಿ ಮುಚ್ಚಿ, ಹೆಗಲು ಕಿವಿಯವರೆಗೆ ಎತ್ತಿಕೊಂಡು ನಿಂತಳು. ಏಟಿಗೆ ಕಾಯುವವರು ಹಾಗೆ ನಿಲ್ಲುತ್ತಾರೆ. ಎರಡನೇ ಸಾಲಿನಲ್ಲಿ ಯಾರೋ ಎದ್ದು "ಶಭಾ..." ಅಂದರು. ನಾನು ಕೂತಲ್ಲಿಂದಲೇ ಕೈಯೆತ್ತಿ, "ಯಾರೂ ಬಾಯಿ ಬಿಡಬೇಡಿ! ಒಬ್ಬರೂ!" ಅಂತ ಗದರಿದೆ. ಅಧ್ಯಕ್ಷೆ ಗದರಿದರೆ ಸಭೆ ಕೇಳಲೇಬೇಕು, ಕೇಳಿತು. ಶಾರ್ವರಿಯೂ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಳು. ಅವಳ ಮೇಲಿನ ಹೊಟ್ಟೆಕಿಚ್ಚು ಆರಿತು ಅಂತ ಹೇಳಿದರೆ ಸುಳ್ಳಾಗುತ್ತದೆ, ಒಳಗೆ ಎಲ್ಲೋ ಹೊಗೆಯಾಡುತ್ತಲೇ ಇತ್ತು.

ಆದರೆ ಗಂಟಲಿನಲ್ಲಿದ್ದುದು ಬೇರೆ. ನನ್ನ ವಿದ್ಯೆ ಹೇಳುತ್ತಿತ್ತು, ಈಗ, ಈ ಕ್ಷಣ, ತಡ ಮಾಡಬೇಡ. ನನ್ನ ಬಂಗಾರ, ನನ್ನ ರಾಣಿ, ಎಂಥ ಜಾಣೆಯೇ ನೀನು, ಎಷ್ಟು ಚೆನ್ನಾಗಿ ಅಂದೆಯೇ ಆ ಮಾತನ್ನ. ಅಷ್ಟೂ ಒಟ್ಟಿಗೆ ನುಗ್ಗಿ ಬಂದು ಹಲ್ಲಿನ ಹಿಂದೆ ನಿಂತಿತ್ತು. ಬಿಟ್ಟಿದ್ದರೆ ಆ ಮಗು ಸೂರಿಗೆ ಹೋಗಿ ಬಡಿಯುತ್ತಿತ್ತು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿ ಹಿಡಿದೆ. ಕಣ್ಣಿನಿಂದ ನೀರು ಸುರಿಯಿತು, ಸುರಿಯಲಿ ಅಂತ ಬಿಟ್ಟೆ.

ಬೃಂದಾ ಒಂದು ಕಣ್ಣು ತೆರೆದು ನನ್ನ ಬಾಯಿಯನ್ನು ನೋಡಿದಳು. ನಾನು ಸೆರಗು ತೆಗೆಯಲಿಲ್ಲ. ಇನ್ನೊಂದು ಕಣ್ಣೂ ತೆರೆದು, ಬಗ್ಗಿ ತನ್ನ ಪಾದಗಳನ್ನು ನೋಡಿಕೊಂಡಳು. ಎರಡೂ ನೆಲದ ಮೇಲೇ ಇದ್ದವು. ಬೆರಳುಗಳನ್ನು ಒಮ್ಮೆ ಆಡಿಸಿ ನೋಡಿದಳು. ಆಮೇಲೆ ಮೇಜಿನ ಕಾಲನ್ನು ಬಿಟ್ಟಳು.